ಸಾಹಿತಿಗಳ ನಾಯಕನನ್ನು ನಾನು ಕೊಂದದ್ದು

ನಮ್ಮ ಕಾಫಿ ಅಂಗಡಿಯಲ್ಲಿ ಇರುವುದೇ ಆರು ಮೇಜು. ಅದರಲ್ಲಿ ಕಿಟಕಿ ಪಕ್ಕದ್ದು, ನಾಲ್ಕು ಜನ ಆರಾಮಾಗಿ ಕೂರಬಹುದಾದದ್ದು, ಸಾಹಿತಿಗಳ ಪಾಲು. ಅವರೋ ಒಬ್ಬರೇ. ಪಕ್ಕದ ಕುರ್ಚಿಯಲ್ಲಿ ಕೊಡೆ, ಎದುರಿನದರಲ್ಲಿ ಚೀಲ, ಉಳಿದದ್ದರಲ್ಲಿ ಟೋಪಿ. ಟೋಪಿಗೂ ಒಂದು ಕುರ್ಚಿ ಬೇಕಂತೆ!

ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಮುದ್ರೆ ಒತ್ತಿ ನಿವೃತ್ತರಾದ ಮನುಷ್ಯ. ಊರವರ ಕಾಗದ ಮುಟ್ಟಿ ಮುಟ್ಟಿ ತಮಗೂ ಬರೆಯುವ ಹುಚ್ಚು ಹತ್ತಿಸಿಕೊಂಡರು. ಮನೆಯಲ್ಲಿ ಬರೆಯೋಣವೆಂದರೆ ಅವರ ಅಕ್ಕ, "ಸುಮ್ನೆ ಕೂತಿದ್ದೀಯಲ್ಲ, ಫ್ಯಾನಾದ್ರೂ ಒರೆಸು" ಎಂದು ಕೈಗೆ ಬಟ್ಟೆ ಕೊಡುತ್ತಾಳಂತೆ. ಹಾಗಾಗಿ ಬೆಳಿಗ್ಗೆ ಒಂಬತ್ತಕ್ಕೆ ನಮ್ಮಲ್ಲಿ ಹಾಜರು. ಮೊದಲ ಕಾಫಿಗೆ ಪೆನ್ಸಿಲ್ ಚೂಪು ಮಾಡುವುದು, ಎರಡನೆಯದಕ್ಕೆ ಕಿಟಕಿ ನೋಡುವುದು, ಮೂರನೆಯದು ಬಂದ ಮೇಲೆ ಬರೆಯುವುದು. ದಿನಕ್ಕೆ ಒಂದೇ ಪುಟ. ಬರೆದದ್ದನ್ನು ತಿದ್ದಲೆಂದು ತಿರುಗಿ ನೋಡುವ ಪದ್ಧತಿಯೇ ಇಲ್ಲ. ಯಾಕೆಂದು ಕೇಳಿದ್ದಕ್ಕೆ, "ನೋಡಿದ್ರೆ ನಾಚಿಕೆ ಆಗುತ್ತೆ ತಾಯಿ" ಎಂದಿದ್ದರು.

ಹನ್ನೆರಡಕ್ಕೆ ಮಹಡಿಗೆ ಹೋಗಿ ಆ ಪುಟವನ್ನು ನಮ್ಮ ಮಾವನಿಗೆ ಓದಿ ಹೇಳುತ್ತಾರೆ. ಅಂಗಡಿ ಶುರು ಮಾಡಿದವರು ಮಾವ. ಈಗ ಒಂದು ಕಾಲು ಸ್ವಾಧೀನ ತಪ್ಪಿ ಹಾಸಿಗೆಯಲ್ಲಿದ್ದಾರೆ. ಒಂಬತ್ತು ವರ್ಷದ ಹಿಂದೆ ಅವರೇ ಮಾತು ಕೊಟ್ಟದ್ದು: "ನಿನ್ನ ಕಾದಂಬರಿ ಮುಗಿಯೋವರೆಗೂ ಆ ಮೇಜು ನಿಂದೇ ಕಣಯ್ಯಾ." ಇಂಥ ಮಾತು ಕೊಟ್ಟ ಮೇಲೆ ಯಾವ ಕಾದಂಬರಿ ಮುಗಿದೀತು? ಹನುಮಂತನ ಬಾಲವಾಯಿತು. ಕಥಾನಾಯಕ ಒಬ್ಬ ಗಡಿಯಾರ ರಿಪೇರಿಯವನು. ಮೂರನೇ ಮಹಡಿಯ ಹುಡುಗಿಗೆ ಮನಸ್ಸಿನ ಮಾತು ಹೇಳಬೇಕೆಂದು ಮೆಟ್ಟಿಲು ಹತ್ತಲು ಶುರು ಮಾಡಿ ಎಂಟು ತಿಂಗಳಾಯಿತು, ಪುಣ್ಯಾತ್ಮ ಇನ್ನೂ ಎರಡನೇ ಮಹಡಿಯಲ್ಲೇ ಏದುಸಿರು ಬಿಡುತ್ತಿದ್ದ. ನನಗೆ ಹೇಗೆ ಗೊತ್ತು ಅಂತೀರಾ? ಮಾವನಿಗೆ ಊಟ ತೆಗೆದುಕೊಂಡು ಹೋದಾಗ ಕಿವಿಗೆ ಬೀಳುತ್ತದೆ. ಕಿವಿಗೇನು ಬಾಗಿಲು ಹಾಕಲಾಗುತ್ತದೆಯೇ?

ಕಳೆದ ತಿಂಗಳು ಒಂದು ದಿನ, ಅಂಗಡಿ ತುಂಬಿತ್ತು. ನಾಲ್ಕು ಜನ ಬಂದರು, ಜಾಗವಿಲ್ಲದೆ ನಿಂತರು, ಟೋಪಿಯನ್ನು ಒಮ್ಮೆ ನೋಡಿದರು, ಹೋಗಿಬಿಟ್ಟರು. ಆ ವಾರದಲ್ಲಿ ಅದು ಮೂರನೇ ಸಲ. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಹೋಗಿ ಎನ್ನಲು ಮಾವನ ಮಾತು ಅಡ್ಡ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅಷ್ಟರಲ್ಲಿ ಸಾಹಿತಿಗಳು ಪುಟ ಮುಗಿಸಿ ಕೈ ತೊಳೆಯಲು ಹೋದರು. ನೋಟ್‌ಬುಕ್ ತೆರೆದೇ ಇತ್ತು. ಅವರ ಅಕ್ಷರ ಕೋಳಿ ಕೆದರಿದ ಹಾಗೆ; ನನ್ನದೂ ಅದೇ ಜಾತಿ. ಅವರದೇ ಪೆನ್ಸಿಲ್ ಎತ್ತಿಕೊಂಡು ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: "ಅಷ್ಟರಲ್ಲಿ ಅವನು ಕಾಲು ಜಾರಿ ಬಿದ್ದು ಸತ್ತುಹೋದ. ಅಲ್ಲಿಗೆ ಕತೆ ಮುಗಿಯಿತು."

ಏನೂ ಅರಿಯದವಳ ಹಾಗೆ ಊಟದ ತಟ್ಟೆ ಹಿಡಿದು ಅವರ ಹಿಂದೆಯೇ ಮಹಡಿಗೆ ಹೋದೆ. ಸಾಹಿತಿಗಳು ರಾಗವಾಗಿ ಓದುತ್ತಾ ಬಂದವರು ಕೊನೆಯ ಸಾಲನ್ನೂ ಅದೇ ರಾಗದಲ್ಲಿ ಓದಿಬಿಟ್ಟರು. ಆಮೇಲೆ ನಿಂತರು.

"ಸತ್ನಾ?" ಮಾವ ದಿಂಬಿನಿಂದ ತಲೆ ಎತ್ತಿದರು. "ಯಾಕಯ್ಯಾ ಕೊಂದೆ? ಇನ್ನೊಂದೇ ಮಹಡಿ ಇತ್ತಲ್ಲೋ!"

ನನಗೆ ಒಳಗೊಳಗೇ ನಗು. ಆದರೆ ಸಾಹಿತಿಗಳ ಮುಖ ಬಿಳುಚಿಕೊಂಡಿತ್ತು. ಪುಟವನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು.

"ಅಕ್ಷರ ನಂದೇ ಅಣ್ಣ. ಆದ್ರೆ ಬರೆದಿದ್ದು ನೆನಪೇ ಇಲ್ಲ." ಕನ್ನಡಕ ತೆಗೆದು ಮೆಲ್ಲಗೆ ಹೇಳಿದರು: "ನಮ್ಮಪ್ಪನಿಗೂ ಹೀಗೇ ಶುರುವಾಗಿದ್ದು. ಮೊದ್ಲು ಚಿಕ್ಕಪುಟ್ಟದ್ದು ಮರೀತಿದ್ರು. ಎರಡೇ ವರ್ಷ, ಆಮೇಲೆ ನನ್ನನ್ನೇ 'ಯಾರಪ್ಪಾ ನೀನು' ಅಂತ ಕೇಳ್ತಿದ್ರು."

ನೋಟ್‌ಬುಕ್ ಮುಚ್ಚಿ ನನ್ನ ಕಡೆ ತಿರುಗಿದರು. "ನಾಳೆಯಿಂದ ಮೇಜು ಬೇರೆಯವ್ರಿಗೆ ಕೊಡು ತಾಯಿ. ನಾನಿನ್ನು ಬರಲ್ಲ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಕುಣಿದಾಡಬೇಕಿತ್ತು ನಾನು. ಬಾಯಿ ಮುಚ್ಚಿಕೊಂಡಿದ್ದರೆ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ತಟ್ಟೆ ಇಟ್ಟು ಕೆಳಗೆ ಇಳಿಯತೊಡಗಿದೆ. ನಾಲ್ಕು ಮೆಟ್ಟಿಲು ಇಳಿದಿರಬೇಕು. ಮೇಲೆ ಅವರು ಮಾವನಿಗೆ ತಮ್ಮ ಅಕ್ಕನ ಹೆಸರು, ಮನೆ ನಂಬರು, ಹುಟ್ಟಿದ ತಾರೀಖು ಒಪ್ಪಿಸುತ್ತಿದ್ದರು. "ಸರಿ ಇದೆಯಾ ಅಣ್ಣ? ಸರಿಯಾಗಿ ಹೇಳಿದ್ನಾ?" ಎಂದು ಕೇಳುತ್ತಿದ್ದರು. ಥೂ ನನ್ನ ಜನ್ಮಕ್ಕಿಷ್ಟು ಎನಿಸಿತು. ವಾಪಸು ಹತ್ತಿದೆ.

"ನಾನು ಕೊಂದಿದ್ದು," ಎಂದೆ.

"ಯಾರನ್ನ?" ಎಂದರು ಮಾವ, ಗಾಬರಿಯಾಗಿ.

"ಗಡಿಯಾರದವನನ್ನ. ಮೇಜು ಖಾಲಿಯಾಗ್ಲಿ ಅಂತ."

ಸಾಹಿತಿಗಳು ನಂಬಲಿಲ್ಲ. "ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ ತಾಯಿ" ಎಂದರು. ನೋಟ್‌ಬುಕ್ ತಿರುವಿ, ಪೆನ್ಸಿಲ್ ಕೈಗೆ ಕೊಟ್ಟು, "ಹಾಗಾದ್ರೆ ಬರಿ ನೋಡೋಣ" ಎಂದರು. ಬರೆದೆ. ಎರಡೂ ಸಾಲನ್ನು ತಾಳೆ ಹಾಕುತ್ತಾ, ಕನ್ನಡಕ ಏರಿಸಿ ಇಳಿಸಿ ನೋಡಿದರು. "ಇನ್ನೊಂದ್ಸಲ." ಬರೆದೆ. "ಇನ್ನೊಂದೇ ಸಲ." ಮೂರನೇ ಸಲವೂ ಬರೆದೆ.

ಅವರ ಭುಜ ಅಲುಗತೊಡಗಿತು. ನಗುತ್ತಿದ್ದಾರೆಂದುಕೊಂಡೆ. ಅಳುತ್ತಿದ್ದರು. ಮಾವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಕೇಳಿದ್ಯಾ ಅಣ್ಣ, ನನ್ನ ತಲೆ ಸರಿಯಾಗಿದೆ! ಕೆಟ್ಟಿರೋದು ಇವಳ ತಲೆ!" ಎಂದು ಕೂಗಿದರು. ಆಮೇಲೆ ನನ್ನ ಕಡೆ ತಿರುಗಿ, ಕೊಲೆಗಾತಿ, ಮನೆಹಾಳಿ, ಕತ್ತೆ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದರು. ಅಷ್ಟು ಸಂತೋಷದಿಂದ ನನ್ನನ್ನು ಯಾರೂ ಬೈದದ್ದಿಲ್ಲ.