ಕೆರೆನೀರಿನ ಲೆಕ್ಕ ತಾಳೆಯಾಗದ ವರ್ಷ

ಕೋದಂಡರಾಮಪ್ಪನವರಷ್ಟು ಅನುಮಾನದ ಮನುಷ್ಯನನ್ನು ನಾನು ಕೋಲಾರ ಜಿಲ್ಲೆಯಲ್ಲೇ ಕಂಡಿಲ್ಲ. ಹೋಟೆಲಿನಲ್ಲಿ ನೀರು ತಂದಿಟ್ಟರೆ ಲೋಟವನ್ನು ಬೆಳಕಿಗೆ ಹಿಡಿದು ನೋಡುವರು. ಬಸ್ಸಿಗೆ ಟೇಕಲ್ ಬೋರ್ಡು ಇದ್ದರೂ ಡ್ರೈವರನ್ನೂ ಕಂಡಕ್ಟರನ್ನೂ ಬೇರೆಬೇರೆಯಾಗಿ ವಿಚಾರಿಸಿ, ಇಬ್ಬರ ಮಾತೂ ಒಂದೇ ಆದ ಮೇಲೆ ಹತ್ತುವರು. ಕೋಲಾರದ ಒಂದು ಕಾಲೇಜಿನಲ್ಲಿ ಅವರು ಗಣಿತ ಹೇಳುತ್ತಿದ್ದರು, ನಾನು ಇತಿಹಾಸ. ನನ್ನ ವಿಷಯದ ಮೇಲಂತೂ ಅವರಿಗೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಅದಕ್ಕಾಗಿ ನಾನು ಅವರೊಂದಿಗೆ ಎಷ್ಟೋ ಸಲ ಜಗಳವಾಡಿದ್ದೇನೆ.

ಎಂಬತ್ತೇಳರಲ್ಲಿ ಕಾಲೇಜಿಗೆ ಒಂದು ಕಂಪ್ಯೂಟರ್ ಬಂತು. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಾದ ಕೋಣೆ, ಬಾಗಿಲಿಗೆ ಬೀಗ. ನೋಡಿಕೊಳ್ಳಲು ಬೆಂಗಳೂರಿನಲ್ಲಿ ತರಬೇತಿಯಾದ ಕದಿರೇಶ ಎಂಬ ಲೆಕ್ಚರರ್. ಪಟಪಟನೆ ಪ್ರೋಗ್ರಾಂ ಬರೆದು, ನಾಲ್ಕು ಉದಾಹರಣೆ ಹಾಕಿ, ಉತ್ತರ ಸರಿ ಬಂದರೆ ಎದ್ದು ಕಾಫಿಗೆ ಹೋಗುವ ಆಸಾಮಿ. ಕೋದಂಡರಾಮಪ್ಪನವರಿಗೆ ಮೈಯೆಲ್ಲ ಉರಿಯಿತು.

"ನಾಲ್ಕು ಸಲ ಸರಿ ಬಂತು. ಐದನೇ ಸಲಕ್ಕೆ ಯಾರ್ರೀ ಜಾಮೀನು?" ಎಂದರು.

ಅವರ ದಾರಿಯೇ ಬೇರೆ. ಪ್ರೋಗ್ರಾಂ ಬರೆದು ಆಮೇಲೆ ತಪ್ಪು ಹುಡುಕುವುದಲ್ಲ. ಮೊದಲು ಯಾವ ಮಾತು ಆರಂಭದಿಂದ ಕೊನೆಯವರೆಗೆ ನಿಜವಾಗಿ ಉಳಿಯಬೇಕು ಎಂದು ಹೇಳಬೇಕು. ರೇಖಾಗಣಿತದ ಪ್ರಮೇಯದಂತೆ ಅದನ್ನು ಸಾಧಿಸಬೇಕು. ಸಾಧನೆಯ ಒಂದೊಂದು ಹೆಜ್ಜೆಯಿಂದ ಪ್ರೋಗ್ರಾಮಿನ ಒಂದೊಂದು ಸಾಲು ತಾನಾಗಿ ಹುಟ್ಟಬೇಕು. ಹಾಗೆ ಹುಟ್ಟಿದ್ದು ತಪ್ಪಾಗಲು ಸಾಧ್ಯವೇ ಇಲ್ಲ ಎಂಬುದು ಅವರ ವಾದ. ಕಂಪ್ಯೂಟರಿನ ಹತ್ತಿರವೂ ಸುಳಿಯದೆ ವಾರಗಟ್ಟಲೆ ಹಾಳೆ ಮುಂದಿಟ್ಟುಕೊಂಡು ಕೂತಿರುತ್ತಿದ್ದರು. ಇವರಿಗೆ ಮಿಷನ್ನು ನಡೆಸಲು ಬರುವುದಿಲ್ಲ, ಅದಕ್ಕೇ ಈ ನಾಟಕ ಎಂದು ಕಾಲೇಜಿನಲ್ಲಿ ಗುಸುಗುಸು ಎದ್ದಿತು. ನಿಜ ಹೇಳುತ್ತೇನೆ, ನನಗೂ ಹಾಗೇ ಅನ್ನಿಸಿತ್ತು.

ಅವರ ಊರು ಟೇಕಲ್ ಹತ್ತಿರದ ಒಂದು ಹಳ್ಳಿ. ಕೆರೆ ಕೆಳಗಿನ ಹಿಪ್ಪುನೇರಳೆ ತೋಟಗಳಿಗೆ ಯಾರ ಸರದಿ ಯಾವಾಗ, ಯಾರಿಗೆ ಎಷ್ಟು ಹೊತ್ತು ನೀರು ಎಂಬುದನ್ನು ಪ್ರತಿ ವರ್ಷ ಮಡಕೆಯಲ್ಲಿ ಚೀಟಿ ಹಾಕಿ ತೀರ್ಮಾನಿಸುತ್ತಿದ್ದರು. ಚೀಟಿ ಮಡಿಸಿದವನ ಮೇಲೆ ಅನುಮಾನ, ಎತ್ತಿದವನ ಮೇಲೆ ಅನುಮಾನ. ಆ ವರ್ಷ ಮಡಕೆಯೂ ಒಡೆಯಿತು, ಒಬ್ಬನ ತಲೆಯೂ ಒಡೆಯಿತು. ಸರದಿ ಗೊತ್ತಾಗುವವರೆಗೆ ತೂಬು ಎತ್ತುವ ಹಾಗಿಲ್ಲ ಎಂದು ಊರು ಪಟ್ಟು ಹಿಡಿದಾಗ ಕೋದಂಡರಾಮಪ್ಪನವರು ಮುಂದೆ ಬಂದರು. "ನಾನು ಸರದಿ ಮಾಡಿಕೊಡ್ತೀನಿ. ನನ್ನ ಪ್ರೋಗ್ರಾಂ ತಪ್ಪಿದ್ರೆ ಈ ಊರಿಗೆ ಮತ್ತೆ ಕಾಲಿಡಲ್ಲ" ಎಂದು ಅರಳೀಕಟ್ಟೆಯ ಮೇಲೆ ಮಾತು ಕೊಟ್ಟರು. ಅಂಥ ಮಾತು ಕೊಡಬಾರದಿತ್ತು.

"ಮಿಷನ್ನೂ ಅವನ್ದೇ, ಅಣ್ಣನೂ ಅವನೋನೇ. ಏಮಪ್ಪಾ, ಇನ್ನು ನಮ್ ತೋಟಕ್ಕೆ ನೀರು ಬಂದಂಗೇ!" ಎಂದ ಕೋದಂಡರಾಮಪ್ಪನವರ ಅಣ್ಣನ ತೋಟದ ಪಕ್ಕದ ತೋಟದ ಆವಲಪ್ಪ.

ಜಮೀನು ಎಷ್ಟೋ ನೀರಿನ ಪಾಲೂ ಅಷ್ಟು ಎಂಬುದು ಅವರ ಲೆಕ್ಕ. ಕೋದಂಡರಾಮಪ್ಪನವರಿಗೂ ಊರಿನ ಮೇಲೆ ಅಷ್ಟೇ ಅನುಮಾನ. ಕೆರೆ ಕೆಳಗಿನ ಒಟ್ಟು ಜಮೀನು ಎಷ್ಟೆಂದು ಎಲ್ಲರಿಗೂ ಗೊತ್ತಿದ್ದರೂ ಮಾಲೂರಿನ ತಾಲ್ಲೂಕು ಕಚೇರಿಗೆ ಹೋಗಿ ಖಾತ್ರಿ ಮಾಡಿಕೊಂಡರು. ಒಬ್ಬೊಬ್ಬರ ತೋಟಕ್ಕೂ ತಾವೇ ಸರಪಳಿ ಎಳೆದು ಅಳೆದರು. ಬೈಸಿಕೊಂಡರು, ಆದರೂ ಬಿಡಲಿಲ್ಲ. ತಮ್ಮ ಮನೆಯ ತೋಟವನ್ನು ಮಾತ್ರ ಅಳೆಯಲಿಲ್ಲ. ಅಪ್ಪ ಸತ್ತ ಮೇಲೆ ಸಾಕಿ ಓದಿಸಿದ ಅಣ್ಣ ಚನ್ನರಾಯಪ್ಪ ಬಾಯಲ್ಲಿ ಹೇಳಿದ ಅಳತೆಯನ್ನೇ ತೆಗೆದುಕೊಂಡರು. ಹಿರಿಯಣ್ಣ ಹೇಳಿದ ಮೇಲೆ ತಮ್ಮನಾದವನು ಸರಪಳಿ ತರುವುದು ಆ ಕಡೆಯ ಮನೆಗಳಲ್ಲಿ ಯೋಚಿಸಲೂ ಆಗದ ಮಾತು.

ಅವರ ಸಾಧನೆ ನಿಂತದ್ದು ಒಂದು ಸರಳ ಮಾತಿನ ಮೇಲೆ. ಈಗಾಗಲೇ ಕೊಟ್ಟ ನೀರು, ಇನ್ನು ಕೊಡಬೇಕಾದ ನೀರು ಎರಡನ್ನೂ ಕೂಡಿದರೆ ಯಾವ ಗಳಿಗೆಯಲ್ಲೂ ಒಟ್ಟು ನೀರೇ ಬರಬೇಕು. ಇನ್ನೂ ಯಾರಿಗೂ ನೀರು ಬಿಡದಿರುವಾಗ ಎಲ್ಲರ ಪಾಲು ಕೂಡಿದರೆ ಒಟ್ಟು ನೀರಿಗೆ ಸಮವಿರಬೇಕು. ಅದನ್ನು ನೋಡುವುದೇ ಪ್ರೋಗ್ರಾಮಿನ ಮೊದಲ ಸಾಲು.

ಕದಿರೇಶ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ ಗುಂಡಿ ಒತ್ತಿದ. ಸರದಿ ಬರಲಿಲ್ಲ. ಅಳತೆಗಳು ತಾಳೆಯಾಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದೇ ಸಾಲು ಬಂದು ಮಿಷನ್ನು ನಿಂತಿತು. ಎಲ್ಲರ ಪಾಲು ಕೂಡಿದ್ದು ಒಟ್ಟು ನೀರಿಗಿಂತ ಹೆಚ್ಚಾಗಿತ್ತು.

"ಆ ಮೊದಲನೇ ಸಾಲು ತೆಗೆದುಬಿಡಿ ಸಾರ್, ಸರದಿ ಬರುತ್ತೆ," ಎಂದ ಕದಿರೇಶ.

"ಬರುತ್ತೆ. ಆದರೆ ಸರಿಯಾದ ಸರದಿ ಅಂತ ಹೇಳೋಕೆ ನನ್ನ ಹತ್ರ ಏನೂ ಉಳಿಯಲ್ಲ."

ಅವರ ಅನುಮಾನ ಆ ದಿನದಿಂದ ಹುಚ್ಚಿನ ಮಟ್ಟಕ್ಕೆ ಹೋಯಿತು. ಕದಿರೇಶ ಬೇಕೆಂದೇ ಅಂಕಿ ಬದಲಿಸಿದ್ದಾನೆ ಎಂದರು. ಸರಪಳಿಯ ಕೊಂಡಿ ಸವೆದಿದೆ ಎಂದರು. ಆವಲಪ್ಪ ಬೇಲಿ ಜರುಗಿಸಿದ್ದಾನೆಂದು ಅವನ ತೋಟವನ್ನು ಮತ್ತೆ ಅಳೆದರು. ಅಳತೆ ಸರಿಯಾಗೇ ಇತ್ತು. ತೂಬು ಮುಚ್ಚಿಯೇ ಇತ್ತು, ಊರಿನ ತಟ್ಟೆಗಳಲ್ಲಿ ರೇಷ್ಮೆಹುಳುಗಳು ಸೊಪ್ಪಿಗೆ ತಲೆ ಎತ್ತಿ ಕಾಯುತ್ತಿದ್ದವು.

ಒಂದು ಮಧ್ಯಾಹ್ನ ಚನ್ನರಾಯಪ್ಪ ನಮ್ಮ ಸ್ಟಾಫ್ ರೂಮಿಗೆ ಬಂದ. ಕೂರು ಎಂದರೂ ಕೂರಲಿಲ್ಲ.

"ಅದೇನೋ ಒಂದ್ ಸಾಲು ಅಡ್ಡ ಐತಂತಲ್ಲೋ. ತೆಗ್ದಾಕ್ಬಿಡು ಕಣೋ. ನಾನು ದೊಡ್ಡೋನು ಹೇಳ್ತಿದೀನಿ."

"ಊರೆಲ್ಲ ಸರದಿ ಯಾವಾಗ ಅಂತ ಕೇಳ್ತಾರೆ. ನೀನ್ಯಾಕಣ್ಣಾ ಆ ಸಾಲಿನ ಮಾತು ಎತ್ತಿದ್ದು?" ಎಂದರು ಕೋದಂಡರಾಮಪ್ಪ.

ಚನ್ನರಾಯಪ್ಪ ಕಿಟಕಿಯ ಕಡೆ ನೋಡಿದ. ನನಗೆ ಅಯ್ಯೋ ಅನ್ನಿಸಿ ಅಲ್ಲಿಂದ ಎದ್ದುಹೋಗೋಣವೆಂದರೆ ಕೋದಂಡರಾಮಪ್ಪ ನನ್ನ ಕೈ ಹಿಡಿದು ಕೂರಿಸಿದರು. "ನಾಳೆ ನನ್ನ ಜೊತೆ ಊರಿಗೆ ಬನ್ನಿ. ಸರಪಳಿಯ ಇನ್ನೊಂದು ತುದಿ ಹಿಡಿಯೋಕೆ ಹೊರಗಿನೋರು ಬೇಕು," ಎಂದರು.

ಮಾರನೆಯ ದಿನ ಊರಿನವರೆದುರು ಹಳೆಯ ಎಲ್ಲೆಕಲ್ಲಿನವರೆಗೆ ಅಣ್ಣನ ತೋಟ ಅಳೆದೆವು. ಲೆಕ್ಕದಲ್ಲಿ ಹೆಚ್ಚಾಗಿದ್ದಷ್ಟೂ ಕಲ್ಲಿನಾಚೆ ಸಿಕ್ಕಿತು. ತೋಟದ ಹಿಂದಿನ ಗೋಮಾಳಕ್ಕೆ ಬೇಲಿ ವರ್ಷವರ್ಷವೂ ಒಂದೊಂದು ಮೊಳ ಸರಿದು, ದನ ಮೇಯುವ ನೆಲ ಒಂದು ತುಂಡು ಹಿಪ್ಪುನೇರಳೆಯಾಗಿತ್ತು. ಅದಕ್ಕೂ ಚನ್ನರಾಯಪ್ಪ ನೀರಿನ ಪಾಲು ಹೇಳಿದ್ದ.

ಚನ್ನರಾಯಪ್ಪ ಎಲ್ಲರೆದುರೇ ಕೂಗಿದ. "ಹೂನಪ್ಪ, ಗೋಮಾಳ ಒತ್ತಿದೆ. ನೀನು ಮೈಸೂರ್ನಲ್ಲಿ ಓದ್ತಿದ್ದಾಗ ನಿನ್ನ ಹಾಸ್ಟೆಲ್ ಅನ್ನ ಎಲ್ಲಿಂದ ಬಂತು ಅಂದ್ಕೊಂಡೆ? ಈ ತುಂಡಿನ ಸೊಪ್ಪಿಂದ ಕಣೋ. ಅದನ್ನೂ ಸಾಧಿಸಿ ತೋರ್ಸು!"

ಕೋದಂಡರಾಮಪ್ಪ ಸರಪಳಿ ಸುತ್ತಿಕೊಂಡು ಕೋಲಾರಕ್ಕೆ ಬಂದು, ಗೋಮಾಳದ ತುಂಡು ಬಿಟ್ಟು ಸಿಕ್ಕ ಅಂಕಿಯನ್ನು ತಾವೇ ಹಾಕಿದರು. ಮಿಷನ್ನು ಸರದಿ ಕೊಟ್ಟಿತು. ಆದರೆ ಅಂದು ಸಂಜೆ ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

ಅಣ್ಣನ ಸರದಿಯ ಬೆಳಿಗ್ಗೆ ಚನ್ನರಾಯಪ್ಪ ತೋಟಕ್ಕೆ ಬರಲಿಲ್ಲ. ಕೋದಂಡರಾಮಪ್ಪನವರೇ ಪ್ಯಾಂಟು ಮಡಿಸಿ ಗುದ್ದಲಿ ಹಿಡಿದು ಸಾಲುಸಾಲಿಗೂ ನೀರು ಕಟ್ಟಿದರು. ನೀರು ಗೋಮಾಳದ ತುಂಡಿನ ಅಂಚಿಗೆ ಬಂದಾಗ ಒಂದು ಕ್ಷಣ ನಿಂತರು. ಆಮೇಲೆ ಮಣ್ಣೆಳೆದು ಅಡ್ಡ ಹಾಕಿ, ಕಾಲಿನಿಂದ ತುಳಿದು ಗಟ್ಟಿ ಮಾಡಿದರು. ಬದುವಿನ ಮೇಲಿದ್ದ ಆವಲಪ್ಪ ಇಳಿದು ಬಂದು ಆ ಮಣ್ಣನ್ನು ತಾನೂ ಒಮ್ಮೆ ಒದ್ದು ನೋಡಿದ. ಅತ್ತಿಗೆ ಅಕ್ಕಯಮ್ಮ ದೂರದಿಂದ ಎಲ್ಲವನ್ನೂ ನೋಡಿ, ಮೈದುನನಿಗೆ ತಂದಿದ್ದ ಮುದ್ದೆಯ ಬುತ್ತಿಯನ್ನು ಹಾಗೇ ಮನೆಗೆ ಒಯ್ದಳು.

ಬೇಸಿಗೆ ಕಳೆಯುವ ಹೊತ್ತಿಗೆ ಆ ತುಂಡಿನ ಹಿಪ್ಪುನೇರಳೆ ಒಣಗಿತು. ಪ್ರೋಗ್ರಾಂ ತಪ್ಪಿರಲಿಲ್ಲ, ಕೊಟ್ಟ ಮಾತಿನ ಪ್ರಕಾರ ಕೋದಂಡರಾಮಪ್ಪನವರು ಊರಿಗೆ ಹೋಗಬಹುದಾಗಿತ್ತು. ಹೋದರೆ ಇಳಿಯುವ ಮನೆ ಮಾತ್ರ ಇರಲಿಲ್ಲ.