ವಾಂಗ್‌ಗಳನ್ನು ತಿರುಗಿಸುವ ರೇವಣಾರಾಧ್ಯರು

ತುಮಕೂರಿನ ಬಟವಾಡಿಯಲ್ಲಿ ಪಿಎಚ್‌ಡಿ ಪ್ರಬಂಧಗಳನ್ನು ಟೈಪ್ ಮಾಡಿ ಬೈಂಡ್ ಹಾಕಿಕೊಡುವ ರೇವಣಾರಾಧ್ಯರಿಗೆ ಚೀನಾ, ಜಪಾನು, ಕೊರಿಯಾದ ಲೇಖಕರೆಲ್ಲ ಒಂದೇ ಮನೆಯವರು. ಉಲ್ಲೇಖಗಳ ಪಟ್ಟಿಯಲ್ಲಿ ಅವರ ಹೆಸರು ಕಂಡರೆ ಹಿಂದಿನದನ್ನು ಮುಂದಕ್ಕೆ, ಮುಂದಿನದನ್ನು ಹಿಂದಕ್ಕೆ ಹಾಕಿದ ಮೇಲೆಯೇ ಅವರು ಕಾಫಿ ಕುಡಿಯುವುದು. ಪಕ್ಕದಲ್ಲಿ ಮೂಲ ಲಿಪಿ ಇದ್ದರೆ ವೈರಸ್ ಎಂದು ಅಳಿಸಿಬಿಡುತ್ತಾರೆ. "ಈ ವಾಂಗ್ ಅನ್ನೋನು ಎಷ್ಟೊಂದು ಬರೆದವ್ನೆ, ಅವನಿಗೆ ಮನೆ ಮಠ ಇಲ್ವಾ?" ಎನ್ನುತ್ತ ಹತ್ತು ವಾಂಗ್‌ಗಳನ್ನು ಒಬ್ಬನನ್ನಾಗಿ ಮಾಡಿದ ಪುಣ್ಯವೂ ಅವರದೇ. ಗುಬ್ಬಿಯಿಂದ ಬರುವ ಸಂಶೋಧಕಿ ಅಕ್ಷತಾ, "ಸಾರ್, ಅವ್ರಲ್ಲಿ ಮನೆತನದ ಹೆಸರೇ ಮೊದಲು, ತಿರುಗಿಸ್ಬೇಡಿ" ಎಂದರೆ, "ನಮ್ಮ ಅಂಗಡೀಲಿ ಭೇದಭಾವ ಇಲ್ಲಮ್ಮ, ಎಲ್ರನ್ನೂ ತಿರುಗಿಸ್ತೀವಿ" ಎನ್ನುತ್ತಾರೆ. ಮೊನ್ನೆ ಅವಳು ಕಡಬದ ಕೆರೆಯ ಬಗ್ಗೆ ಹುಡುಕುವಾಗ ಕೊರಿಯಾದ ವಿದುಷಿಯೊಬ್ಬರ ಲೇಖನ ಸಿಕ್ಕಿತು, ಮೊಬೈಲಿನಲ್ಲಿ ತಂದು ತೋರಿಸಿದಳು. ಇಪ್ಪತ್ತು ವರ್ಷದ ಹಿಂದೆ ಆರಾಧ್ಯರು ಆ ಕೆರೆಯ ಮೇಲೆ ಬರೆದು, ಇಲ್ಲಿ ಯಾರೂ ಓದದೆ ಬಿಟ್ಟ ಒಂದೇ ಒಂದು ಲೇಖನವನ್ನು ಆಕೆ ಉಲ್ಲೇಖಿಸಿದ್ದರು. ಪಕ್ಕದಲ್ಲಿ ಕನ್ನಡ ಲಿಪಿಯಲ್ಲೇ 'ರೇವಣಾರಾಧ್ಯ' ಎಂದಿತ್ತು. ಒಂದು ಒತ್ತು, ಒಂದು ದೀರ್ಘವೂ ತಪ್ಪಿರಲಿಲ್ಲ. ಆರಾಧ್ಯರು ಪರದೆಯಿಂದ ಕಣ್ಣು ತೆಗೆಯದೆ, "ಈಯಮ್ಮನ ಹೆಸರು ಅವ್ರ ಅಕ್ಷರದಲ್ಲಿ ಹೆಂಗೆ ಬರೆಯೋದು, ಸ್ವಲ್ಪ ತೋರ್ಸಮ್ಮ" ಎಂದರು.