ಮಾಸ್ಟ್ರು ಹೇಳಿದ ಒಂದು ಸುಳ್ಳು

ಶಾಲೆಗೆ ಸೇರಿದ ಒಂಬತ್ತನೇ ದಿನ ನನ್ನ ಚರ್ಮದ ಚಪ್ಪಲಿಯ ಮೇಲೆ ಬೂಷ್ಟು ಬೆಳೆದಿತ್ತು. ನಾನು ಕುಷ್ಟಗಿ ಕಡೆಯವಳು. ನಮ್ಮಲ್ಲಿ ಕಟಕ ರೊಟ್ಟಿ ತಿಂಗಳಿಟ್ಟರೂ ಕೆಡುವುದಿಲ್ಲ, ಇಲ್ಲಿ ಕಾಲಿಗೆ ಹಾಕುವ ಚಪ್ಪಲಿಯೇ ಕೆಡುತ್ತದಲ್ಲ ಶಿವನೇ ಎಂದು ಬಾಗಿಲಲ್ಲೇ ಕುಳಿತು ಅತ್ತುಬಿಟ್ಟೆ. ಮನೆಯ ಒಡತಿ ಐಸಮ್ಮ ಬಂದು ನೋಡಿದರು.

"ಎಂತ ಟೀಚರೇ, ಚಪ್ಪಲಿಗೆ ಅಳುದಾ? ಪ್ಲಾಸ್ಟಿಕಿನದ್ದು ತಗೊಳ್ಳಿ ಮಾರಾಯ್ರೆ. ಮಳೆ ಸರಿಯಾಗಿ ಶುರುವಾಗ್ಲಿಕ್ಕೆ ಇನ್ನೂ ಉಂಟು."

ಇನ್ನೂ ಉಂಟಂತೆ!

ಕಡಬದಿಂದ ಒಳಗೆ, ಇಬ್ಬರೇ ಶಿಕ್ಷಕರಿರುವ ಶಾಲೆ. ನನ್ನ ಗಂಡನ ಖಾನಾವಳಿ ಕುಷ್ಟಗಿಯಲ್ಲಿ. ಅದನ್ನು ಹೊತ್ತುಕೊಂಡು ಬರುವ ಹಾಗಿರಲಿಲ್ಲ. ಮೂರು ವರ್ಷ ಹಲ್ಲು ಕಚ್ಚಿ ಇದ್ದು ವರ್ಗಾವಣೆ ತಗೊಂಡು ಬರುವುದು ಎಂದು ಇಬ್ಬರೂ ಮಾತಾಡಿಕೊಂಡೆವು. ಐಸಮ್ಮನವರ ಮಗ ಗಲ್ಫಿನಲ್ಲಿದ್ದ. ಹಿಂದಿನ ಎರಡು ಕೋಣೆ ನನಗೆ ಕೊಟ್ಟರು. ಅವರ ಮೊಮ್ಮಗಳು ನಫೀಸಾ ಆಗ ನಮ್ಮ ಶಾಲೆಯಲ್ಲೇ ಏಳನೇ ತರಗತಿ.

ಮೊದಲು ಸೋತದ್ದು ಮಾತಿಗೆ. ನಾನು ಪ್ರೀತಿಯಿಂದ "ಏನ್ರೀ, ಊಟಾತೇನ್ರೀ?" ಎಂದರೆ ಅಂಗಡಿಯವರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ನಿಲ್ಲುತ್ತಿದ್ದರು. ನಮ್ಮ ಮಾತು ಅವರಿಗೆ ಜಗಳ. ಅವರ ಮಾತು ನನಗೆ ರೇಡಿಯೋ ವಾರ್ತೆ. ಮಕ್ಕಳೋ, ಶಾಲೆಯಲ್ಲಿ ಕನ್ನಡ, ಗೇಟು ದಾಟಿದ ಕೂಡಲೇ ತುಳು, ಮನೆಯಲ್ಲಿ ಬ್ಯಾರಿ, ಅರೆಭಾಷೆ, ಮಲಯಾಳ. ಎರಡನೇ ತರಗತಿಯ ಮಗುವಿಗೆ ಮೂರು ಭಾಷೆ ಬರುತ್ತಿತ್ತು. ಪಾಠ ಹೇಳುವ ನನಗೆ ಒಂದೇ, ಅದನ್ನೂ ಜೋರಾಗಿ ಆಡುವವಳು. ಕೊನೆಗೆ ಆ ಮಕ್ಕಳ ಕೈಯಲ್ಲೇ ಒಂಜಿ, ರಡ್ಡ್, ಮೂಜಿ ಎಂದು ತುಳು ಎಣಿಸಲು ಕಲಿತೆ. "ವಣಸ್ ಆಂಡಾ?" ಎಂದು ಊಟ ವಿಚಾರಿಸಿದ ದಿನ ಅಂಗಡಿಯವರು ನಕ್ಕು ಒಂದು ಬಾಳೆಹಣ್ಣು ಕೊಟ್ಟರು. ಕುಚ್ಚಲಕ್ಕಿ ಅನ್ನ ಮಾತ್ರ ಒಂದು ವರ್ಷ ಗಂಟಲಲ್ಲಿ ಇಳಿಯಲಿಲ್ಲ. ಪುತ್ತೂರಿನಿಂದ ಜೋಳದ ಹಿಟ್ಟು ತಂದು ಬಡಿಯುವಾಗ, ಆ ಸದ್ದಿಗೆ ಐಸಮ್ಮ ಗೋಡೆಯಾಚೆಯಿಂದ "ಯಾರಿಗೆ ಹೊಡೆಯುದು ಟೀಚರೇ?" ಎಂದು ಕೇಳುತ್ತಿದ್ದರು.

ಮುಖ್ಯೋಪಾಧ್ಯಾಯರು ಚೆನ್ನಪ್ಪ ಮಾಸ್ಟ್ರು. ಸುಳ್ಯದ ಅಜ್ಜಾವರದ ಕಡೆಯವರು, ಅದೇ ಶಾಲೆಯಲ್ಲಿ ಕೂದಲು ಹಣ್ಣು ಮಾಡಿಕೊಂಡವರು. ಅವರ ಕಪಾಟಿನಲ್ಲಿ ಸೀಮೆಸುಣ್ಣದ ಪಕ್ಕ ಹಗ್ಗ, ಕತ್ತಿ, ಟಾರ್ಚು ಇರುತ್ತಿತ್ತು. ಯಾರದೋ ಮನೆಯ ಹಂಚು ಹಾರಿದರೆ ಮಾಸ್ಟ್ರು, ಯಾರಿಗೋ ಪುತ್ತೂರಿನ ಆಸ್ಪತ್ರೆಯಲ್ಲಿ ರಕ್ತ ಬೇಕೆಂದರೆ ಮಾಸ್ಟ್ರು, ಸಾವಿನ ಮನೆಗೆ ಕಟ್ಟಿಗೆ ಹೊರಲಿಕ್ಕೂ ಮಾಸ್ಟ್ರು. ಇಷ್ಟೆಲ್ಲ ಮಾಡುವವರು ಪಾಠ ಯಾವಾಗ ಮಾಡುತ್ತಾರೆ ಎಂದು ನನಗೆ ಒಳಗೊಳಗೇ ಅಸಮಾಧಾನ. ಅದಕ್ಕಿಂತ ಹೆಚ್ಚು ಸಿಟ್ಟು ಬರುತ್ತಿದ್ದದ್ದು, ಮೋಡ ಕಪ್ಪಾದರೆ ಸಾಕು, ಎರಡು ಗಂಟೆಗೇ ಹೊಳೆಯಾಚೆಯ ಮಕ್ಕಳನ್ನು ಬಿಟ್ಟುಬಿಡುತ್ತಿದ್ದ ರೀತಿಗೆ. ನಮ್ಮ ಮನೆಯೂ ಹೊಳೆಯಾಚೆಗೇ. ಅವರೇ ಕಾಲುಸಂಕದವರೆಗೆ ಬಂದು, ಅಂದರೆ ಹೊಳೆಗೆ ಅಡ್ಡ ಮರ ಹಾಕಿ ಕಟ್ಟಿದ ಆ ಕಿರುಸೇತುವೆಯವರೆಗೆ ಬಂದು, ಒಬ್ಬೊಬ್ಬರನ್ನೇ ದಾಟಿಸುತ್ತಿದ್ದರು. ಸಲುಗೆ ಕೊಟ್ಟು ಮಕ್ಕಳನ್ನು ಕೆಡಿಸಿದ್ದಾರೆ ಎಂದುಕೊಂಡೆ. ಬಂದು ಎರಡು ತಿಂಗಳಾಗಿರಲಿಲ್ಲ, ನನ್ನ ಬುದ್ಧಿವಂತಿಕೆ ನೋಡಿ.

ಜುಲೈಯ ಒಂದು ದಿನ ಮಾಸ್ಟ್ರು ತರಬೇತಿಗೆಂದು ಪುತ್ತೂರಿಗೆ ಹೋದರು. ಮಧ್ಯಾಹ್ನವೇ ಕತ್ತಲಾಯಿತು. ಮಳೆ ಹಿಡಿಯಿತು. ನಫೀಸಾ ಎದ್ದು ನಿಂತಳು. "ಟೀಚರ್, ನಮ್ಮನ್ನು ಈಗಲೇ ಬಿಡಬೇಕು. ಮಾಸ್ಟ್ರು ಬಿಡ್ತಾರೆ."

"ಸುಮ್ನ ಕೂಡು. ಮಳಿ ನಿಂತ ಮ್ಯಾಲ ಹೋದ್ರಾತು," ಎಂದು ಗದರಿದೆ.

ನಮ್ಮ ಕಡೆ ಮಳೆ ಬಂದರೆ ಸೂರಿನಡಿ ನಿಲ್ಲುತ್ತೇವೆ. ಅರ್ಧ ತಾಸು ಕುಣಿದು ಅದು ಹೋಗುತ್ತದೆ. ಮಳೆಯಲ್ಲಿ ಮಕ್ಕಳನ್ನು ಹೊರಗೆ ಕಳಿಸುವವರು ಹುಚ್ಚರು. ನಾನು ಹುಟ್ಟಿನಿಂದ ಕಲಿತದ್ದು ಅದನ್ನೇ. ಇಲ್ಲಿ ಅದೇ ನನಗೆ ಕೈ ಕೊಟ್ಟಿತು. ನಾಲ್ಕು ಗಂಟೆಗೆ ಬೆಲ್ಲು ಹೊಡೆದು ಒಂಬತ್ತು ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿದರೆ ಕಾಲುಸಂಕವೇ ಇಲ್ಲ. ಅದರ ಮೇಲೆ ಮೊಣಕಾಲೆತ್ತರ ಕೆಂಪು ನೀರು ಹರಿಯುತ್ತಿತ್ತು. ಆಚೆ ದಡದಲ್ಲಿ ಕೊಡೆ ಹಿಡಿದ ತಾಯಂದಿರು ಕೂಗುತ್ತಿದ್ದರು. ಏನೂ ಕೇಳಿಸಲಿಲ್ಲ. ಒಂದನೇ ತರಗತಿಯ ಹುಡುಗಿ ಅಮ್ಮನನ್ನು ಕಂಡು ಕೈ ಕೊಸರಿಕೊಂಡು ನೀರಿನತ್ತ ಓಡಿದಳು. ನಫೀಸಾ ಹಾರಿ ಅವಳ ಬ್ಯಾಗು ಹಿಡಿದಳು. ನಾನು ಹಿಡಿಯಲಿಲ್ಲ; ನನಗೆ ಕೈಕಾಲೇ ಆಡಲಿಲ್ಲ.

ಅಷ್ಟರಲ್ಲಿ ಮಾಸ್ಟ್ರು ಬಸ್ಸಿಳಿದು ಓಡಿ ಬಂದರು. ನನ್ನನ್ನು ಒಂದು ಮಾತೂ ಕೇಳದೆ ಯಾರದೋ ಜೀಪು ತರಿಸಿದರು. ಮಕ್ಕಳ ಜೊತೆ ನನ್ನನ್ನೂ ಹತ್ತಿಸಿ, ಗುಂಡ್ಯದ ಕಡೆಯ ದೊಡ್ಡ ಸೇತುವೆ ಸುತ್ತಿ ಆಚೆ ದಡಕ್ಕೆ ಕರೆತಂದಾಗ ದೀಪ ಹಚ್ಚುವ ಹೊತ್ತು. ಒಬ್ಬ ತಂದೆ ಮುಂದೆ ಬಂದು ಕೂಗಾಡಿದ: "ಮಕ್ಕಳನ್ನು ನಿಲ್ಲಿಸಿಕೊಂಡದ್ದು ಯಾರು?"

"ನಾನೇ ಹೇಳಿ ಹೋದದ್ದು," ಎಂದರು ಮಾಸ್ಟ್ರು. "ಮಳೆ ಬಿಡ್ತದೆ ಅಂತ ಗ್ರಹಿಸಿದೆ. ಟೀಚರಿಗೆ ಎಂತ ಗೊತ್ತು, ಹೊಸಬರು. ತಪ್ಪು ನನ್ನದೇ."

ಆತ ಮಾಸ್ಟ್ರ ಮುಖ ನೋಡಿದ, ನನ್ನ ಮುಖ ನೋಡಿದ, ಮಗಳನ್ನು ಎತ್ತಿಕೊಂಡು ಹೋದ. ನಾನು ಬಾಯಿ ಬಿಡಲಿಲ್ಲ. ಮರುದಿನ ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದರೆ ಅವರು ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ. "ನನಗೆ ಬೈದರೆ ಎರಡು ದಿನದಲ್ಲಿ ನಾನು ಮರೀತೇನೆ. ನಿಮಗೆ ಬೈದರೆ ನೀವು ಮರೆಯುದಿಲ್ಲ."

ಅಂದಿನಿಂದ ಅವರ ಹಿಂದೆ ಹೋಗತೊಡಗಿದೆ. ಮೋಡ ಕಪ್ಪಾದರೆ ಮಕ್ಕಳನ್ನು ದಾಟಿಸಲು ನಾನೇ ಮುಂದೆ. ಹಗ್ಗ ಬಿಗಿಯಲು ಕಲಿತೆ, ಬಸುರಿಯರನ್ನು ಪುತ್ತೂರಿಗೆ ಕರೆದೊಯ್ದೆ, ಶನಿವಾರ ಮಧ್ಯಾಹ್ನ ಹೆಂಗಸರಿಗೆ ಅಕ್ಷರ ಹೇಳಿಕೊಟ್ಟೆ. ಐಸಮ್ಮ ಬಸ್ಸಿನ ಬೋರ್ಡು ಓದಿ "ಸುಳ್ಯ!" ಎಂದು ಕೂಗಿದ್ದು ಅಲ್ಲಿ ನಿಂತಿದ್ದವರಿಗೆಲ್ಲ ಕೇಳಿಸಿತು. ಊರಿನವರು ನಮ್ಮ ಟೀಚರ್ ಎಂದು ಹೇಳುವಾಗ ಖುಷಿಯಾಗುತ್ತಿತ್ತು, ಅದರ ಹಿಂದೆಯೇ ನಾಚಿಕೆ. ಒಂದು ಸುಳ್ಳಿನ ಮೇಲೆ ಕೂತು ಈ ಮರ್ಯಾದೆ ಉಣ್ಣುತ್ತಿದ್ದೇನೆ, ನಿಜ ಗೊತ್ತಾದರೆ ಇವರು ಮಕ್ಕಳನ್ನು ನನ್ನ ಕೈಗೆ ಕೊಡುತ್ತಾರೆಯೇ ಎಂದು ಆರು ವರ್ಷ ಅಂಜಿದೆ.

ಮೊನ್ನೆ ಮಾಸ್ಟ್ರು ನಿವೃತ್ತರಾದರು. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿ ಬೀಳ್ಕೊಡುಗೆ. ನನ್ನ ಸರದಿ ಬಂದಾಗ ಬರೆದುಕೊಂಡು ಹೋಗಿದ್ದ ಭಾಷಣ ಮಡಚಿಟ್ಟೆ. "ಅವತ್ತ ಮಕ್ಕಳನ್ನ ನಿಲ್ಲಿಸಿದ್ದು ಮಾಸ್ತರಲ್ಲ, ನಾನು. ನಫೀಸಾ ಹೇಳಿದ್ರೂ ಕೇಳ್ಲಿಲ್ಲ," ಎಂದೆ. ಗಾಬರಿಯಲ್ಲಿ ನಮ್ಮೂರ ಭಾಷೆಯೇ ಹೊರಟಿತು. ನಾನು ತಲೆ ತಗ್ಗಿಸಿ ನಿಂತೆ.

ಎರಡನೇ ಸಾಲಿನಲ್ಲಿ ಐಸಮ್ಮ ನಕ್ಕರು.

"ಟೀಚರೇ, ಅದು ನಮಗೆ ಅವತ್ತೇ ಗೊತ್ತುಂಟು. ನಫೀಸಾ ಒದ್ದೆ ಬಟ್ಟೆ ಬದಲಿಸುವ ಮೊದಲೇ ಹೇಳಿದ್ದಾಳೆ."

ಹೌದಲ್ಲ! ಒಂಬತ್ತು ಮಕ್ಕಳು ಮನೆಗೆ ಹೋಗಿ ಬಾಯಿ ಮುಚ್ಚಿಕೊಂಡು ಇರುತ್ತಾರೆಯೇ? ಮಕ್ಕಳಿಗೆ ಪಾಠ ಹೇಳುವ ನನಗೆ ಇಷ್ಟು ವರ್ಷ ಅದು ಹೊಳೆದಿರಲಿಲ್ಲ.

"ಮತ್ತ ಒಬ್ಬರೂ ಯಾಕ ಕೇಳ್ಲಿಲ್ಲ?"

"ಮಾಸ್ಟ್ರು ತಪ್ಪು ನನ್ನದು ಅಂತ ಹೇಳಿಯಾಯ್ತಲ್ಲ. ಮತ್ತೆ ನಾವು ಎಂತ ಕೇಳುದು?"

ಹಾರ ಹಾಕಿಕೊಂಡು ಕುಳಿತಿದ್ದ ಮಾಸ್ಟ್ರು ಹಣೆ ಚಚ್ಚಿಕೊಂಡರು. "ನಿವೃತ್ತಿಯ ದಿನವೇ ನನ್ನ ಸುಳ್ಳು ಹೊರಗೆ ಹಾಕಿದ್ರಲ್ಲ ಮಾರಾಯ್ರೆ!" ಇಡೀ ಶಾಮಿಯಾನ ನಕ್ಕಿತು. ನನಗೆ ನಗು ಬರಲಿಲ್ಲ, ಅಳು ಬಂತು. ಅವತ್ತು ಕೂಗಾಡಿದ ತಂದೆಯ ಮಗಳು ಈಗ ಏಳನೇ ತರಗತಿ, ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ಗೊತ್ತಿದ್ದೂ ಆತ ಅವಳನ್ನು ದಿನವೂ ನನ್ನ ಕೈಗೆ ಕೊಟ್ಟಿದ್ದ. ನನ್ನ ಜನ್ಮದಲ್ಲಿ ಇಷ್ಟು ದೊಡ್ಡ ಉಪಕಾರ ನನಗೆ ಯಾರೂ ಮಾಡಿಲ್ಲ.

ಮೂರು ವರ್ಷವೆಂದು ಬಂದವಳು ನಾನು. ಮೊದಲೆರಡು ಸಲ ವರ್ಗಾವಣೆ ಸಿಗಲಿಲ್ಲ. ಈ ಸಲ ನಮ್ಮ ಕುಷ್ಟಗಿ ತಾಲೂಕಿನಲ್ಲೇ ಜಾಗ ಖಾಲಿ ಇದೆ. ಊರು ಬೇಡವೆಂದಲ್ಲ, ಕರೀ ಮಣ್ಣು, ಬಿಸಿ ರೊಟ್ಟಿ, ಗಂಡನ ಪಕ್ಕ ಕೂತು ಉಣ್ಣುವ ಊಟ, ಎಲ್ಲಕ್ಕೂ ಜೀವ ಎಳೆಯುತ್ತದೆ. ಅವರು ದಿನವೂ ಸಂಜೆ ಫೋನು ಮಾಡುತ್ತಾರೆ.

"ಅರ್ಜಿ ಹಾಕಿದೇನು?"

"ನಾಳೆ ಹಾಕ್ತೀನ್ರೀ."

"ನಾಕು ದಿನದಿಂದ ನಾಳೆ ಅನ್ನಾಕತ್ತಿ," ಎಂದರು.